ರೆಕ್ಕೆಯ ಕೆಳಗೆ ನಿಂತವರು

ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡ ಮೇಲೆ, ನಮ್ಮ ಜಡೆ ಸೀಮೆಯ ಮಕ್ಕಳ ಬಾಯಲ್ಲಿಯೂ ‘ಪೈಲಟ್’ ಎಂಬ ಮಾತು ಕೇಳಿಬರುತ್ತಿದೆ. ಸಂತೋಷವೇ. ಆದರೆ ವಿಮಾನವು ಹಾರಲು ಯೋಗ್ಯವೆಂದು ಪರೀಕ್ಷಿಸಿ ಸಹಿ ಹಾಕುವವರನ್ನು ಯಾರೂ ನೆನೆಯುವುದಿಲ್ಲ. ಆ ವೃತ್ತಿಯ ಬೇರು ನಮ್ಮ ನಾಡಿನಲ್ಲಿಯೇ ಆಳವಾಗಿ ಇಳಿದಿದೆ.

ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಉದ್ದೇಶ ವಿಮಾನ ನಿರ್ಮಾಣ. ಆದರೆ ಯುದ್ಧದ ಒತ್ತಡದಲ್ಲಿ 1943ರಲ್ಲಿ ಕಾರ್ಖಾನೆಯು ಅಮೆರಿಕದ ವಾಯುಸೇನೆಯ ಸುಪರ್ದಿಗೆ ಹೋಗಿ, ದುರಸ್ತಿ ಕೇಂದ್ರವಾಯಿತು. ಕಟ್ಟುವುದಕ್ಕಿಂತ ಬಿಚ್ಚಿ ಪರೀಕ್ಷಿಸಿ ಮತ್ತೆ ಜೋಡಿಸುವ ವಿದ್ಯೆಯೇ ಆಗ ಅಲ್ಲಿನ ಮುಖ್ಯ ಕಾಯಕ. ಯುದ್ಧಾನಂತರ ಅದೇ ಕಾರ್ಖಾನೆಯಲ್ಲಿ ರೈಲು ಬೋಗಿಗಳೂ ತಯಾರಾದವು! 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ಹಿಂದೆಯೂ ಆ ಕೈಗಳ ಅನುಭವವಿತ್ತೆಂದೇ ನನ್ನ ಭಾವನೆ.

ಪರಿಶೀಲನೆ ತಪ್ಪಿದರೆ ಏನಾಗುತ್ತದೆ? 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮೇಲ್ಛಾವಣಿಯು 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಅಸುನೀಗಿದರು, ಉಳಿದ 94 ಮಂದಿ ಬದುಕಿದ್ದು ಪವಾಡವೇ ಸರಿ. ಲೋಹದ ದಣಿವಿನ ಸೂಕ್ಷ್ಮ ಬಿರುಕುಗಳು ತಪಾಸಣೆಯಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ. ವಿಮಾನವೇರುವಾಗ ಪ್ರಯಾಣಿಕರೊಬ್ಬರು ಬಿರುಕೊಂದನ್ನು ಕಂಡಿದ್ದರಂತೆ, ಆದರೆ ಯಾರಿಗೂ ಹೇಳಲಿಲ್ಲ. ಇಂದಿನ ಪರವಾನಗಿ ಪರೀಕ್ಷೆಯಲ್ಲಿ ಎಂಜಿನ್ ಮತ್ತು ವಿದ್ಯುತ್ತಿನ ಜೊತೆಗೆ ಮನುಷ್ಯನ ಮರೆವು, ಆಯಾಸ, ಅವಸರಗಳ ಕುರಿತೂ ಒಂದು ಪತ್ರಿಕೆ ಇರುವುದು ಸುಮ್ಮನೆ ಅಲ್ಲ.

ನಮ್ಮಲ್ಲಿ ಈ ಪರವಾನಗಿಗೆ 1937ರ ವಿಮಾನ ನಿಯಮಗಳೇ ಬಹುಕಾಲ ಆಧಾರವಾಗಿದ್ದವು. 1934ರ ಮೂಲ ಕಾಯಿದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮವು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಇತ್ತ ಹೆಜ್ಜೆ ಇಡಬಹುದು. ಬಿ1 ವರ್ಗವು ಯಂತ್ರಭಾಗದ್ದು, ಬಿ2 ವಿದ್ಯುನ್ಮಾನದ್ದು. ಓದಿನಷ್ಟೇ ಹ್ಯಾಂಗರಿನೊಳಗಿನ ಅನುಭವವೂ ಕಡ್ಡಾಯ. ಸರ್ಕಾರದ ಪರವಾಗಿ ತಪಾಸಣೆ ನಡೆಸುವ ಅಧಿಕಾರಿಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಕೇಂದ್ರ ಲೋಕಸೇವಾ ಆಯೋಗವು ಆರಿಸುತ್ತದೆ.

ತಂದೆತಾಯಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಶುಲ್ಕ ಕಟ್ಟುವ ಮುನ್ನ ಆ ತರಬೇತಿ ಸಂಸ್ಥೆಯ ಹೆಸರು ಮಹಾನಿರ್ದೇಶನಾಲಯದ ಮಾನ್ಯತಾ ಪಟ್ಟಿಯಲ್ಲಿ ಇದೆಯೇ ಎಂದು ನೀವೇ ನೋಡಿಕೊಳ್ಳಿ. ಸಂಸ್ಥೆ ಕೊಡುವ ಪ್ರಮಾಣಪತ್ರ ಬೇರೆ, ಮಹಾನಿರ್ದೇಶನಾಲಯದ ಪರವಾನಗಿ ಬೇರೆ.