ಬೆಂಕಿ ಆರಿಸಲು ಇಟ್ಟ ನೀರು

ಹೋದ ವರ್ಷ ಆಗಸ್ಟ್‌ನಲ್ಲಿ ರಜೆ ಮುಗಿಸಿ ದಾವಣಗೆರೆಯಿಂದ ಹಿರೋಷಿಮಾಕ್ಕೆ ವಾಪಸ್ ಬಂದೆ. ಮೂರನೇ ದಿನ ಜ್ವರ, ಮೈಕೈ ನೋವು. ಸಂಬಳ ಕಟ್ ಆಗುತ್ತೆ ಅಂತ ಮಾತ್ರೆ ನುಂಗಿ ಎರಡು ದಿನ ಸೈಟಿಗೆ ಹೋದೆ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಡೆಂಗಿ! ಗುಣವಾದ ಮೇಲೆ ಈ ದೇಶಕ್ಕೂ ಡೆಂಗಿಗೂ ಏನು ಸಂಬಂಧ ಅಂತ ಹುಡುಕಿದೆ. ಸಿಕ್ಕ ಇತಿಹಾಸದಲ್ಲಿ ನಾವಿರುವ ಊರಿನ ಹೆಸರೂ ಇತ್ತು.

ಇಲ್ಲಿಯ ಉಜಿನಾ ಬಂದರು 1894ರಿಂದಲೂ ಜಪಾನ್ ಸೈನ್ಯ ಹಡಗು ಹತ್ತುತ್ತಿದ್ದ ಜಾಗ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಗ್ನೇಯ ಏಷ್ಯಾದಿಂದ ಮರಳಿದವರ ಜೊತೆ ಡೆಂಗಿಯೂ ಜಪಾನಿಗೆ ಬಂತು. 1942ರಿಂದ ನಾಗಾಸಾಕಿ, ಸಾಸೆಬೊ, ಹಿರೋಷಿಮಾ, ಕೋಬೆ, ಒಸಾಕಾ ಮುಂತಾದ ಬಂದರು ಊರುಗಳಲ್ಲಿ ಬೇಸಿಗೆ ಬಂದರೆ ಈ ಜ್ವರ. 1943ರಲ್ಲಿ ನಾಗಾಸಾಕಿಯ ರೋಗಿಯ ರಕ್ತದಿಂದಲೇ ಹೊತ್ತಾ ಸುಸುಮು ಮತ್ತು ಕಿಮುರಾ ರೆನ್ ಡೆಂಗಿ ವೈರಸ್ಸನ್ನು ಬೇರ್ಪಡಿಸಿದರು.

ಸೈನಿಕರು ವೈರಸ್ ತಂದರು ಸರಿ, ಅಷ್ಟೊಂದು ಸೊಳ್ಳೆ ಎಲ್ಲಿಂದ ಬಂದವು? ಬಾಂಬ್ ಬಿದ್ದರೆ ಬೆಂಕಿ ಆರಿಸಬೇಕೆಂದು ಊರೂರಲ್ಲಿ, ಮನೆಮನೆಯಲ್ಲಿ ತೊಟ್ಟಿಗಳಿಗೆ ನೀರು ತುಂಬಿಸಿಟ್ಟಿದ್ದರು. ಪಟ್ಟೆ ಸೊಳ್ಳೆಗೆ ಬೇಕಾದ್ದೇ ಅಂಥ ನಿಂತ ನೀರು. ಯುದ್ಧ ಮುಗಿಯಿತು, ತೊಟ್ಟಿಗಳು ಹೋದವು, ಜ್ವರವೂ ಹೋಯಿತು. ಸೊಳ್ಳೆ ಮಾತ್ರ ಉಳಿಯಿತು.

ಸುಮಾರು 70 ವರ್ಷ ಜಪಾನಿನಲ್ಲಿ ಸ್ಥಳೀಯವಾಗಿ ಡೆಂಗಿ ಹರಡಲಿಲ್ಲ ಅಂತಲೇ ಎಲ್ಲರೂ ನಂಬಿದ್ದರು. 2014ರ ಬೇಸಿಗೆಯಲ್ಲಿ ಟೋಕಿಯೊದ ಯೊಯೊಗಿ ಪಾರ್ಕಿನಿಂದ ಶುರುವಾಗಿ ಸುಮಾರು 160 ಜನರಿಗೆ ತಗುಲಿತು. ಅವರು ವಿದೇಶದಿಂದ ಜ್ವರ ತಂದವರಲ್ಲ, ಇಲ್ಲೇ ಸೊಳ್ಳೆ ಕಚ್ಚಿಸಿಕೊಂಡವರು.

ಹವಾಮಾನ ಬದಲಾವಣೆ ಸೇರುವುದು ಇಲ್ಲಿ. ಈ ಸೊಳ್ಳೆ ನೆಲೆಯೂರಲು ವರ್ಷದ ಸರಾಸರಿ ಉಷ್ಣಾಂಶ ಸುಮಾರು 11 ಡಿಗ್ರಿಯಾದರೂ ಇರಬೇಕು. 1940ರ ದಶಕದ ಕೊನೆಯಲ್ಲಿ ಅದರ ಉತ್ತರದ ಗಡಿ ಟೋಕಿಯೊದಿಂದ ಸ್ವಲ್ಪ ಮೇಲಿನ ತೋಚಿಗಿ. ಈಗ ಹೊನ್ಶು ದ್ವೀಪದ ತುದಿಯ ಅಓಮೊರಿಗೂ ಮುಟ್ಟಿದೆ. ಹಿರೋಷಿಮಾದಲ್ಲಿ ಅದು ಮೊದಲಿಂದಲೂ ಇತ್ತು. ಇಲ್ಲಿ ಆಗುವುದೇನೆಂದರೆ, ಸೆಕೆ ಹೆಚ್ಚಿದಷ್ಟೂ ಸೊಳ್ಳೆ ಬೇಗ ಬೆಳೆಯುತ್ತೆ, ಅದರ ಹೊಟ್ಟೆಯಲ್ಲಿ ವೈರಸ್ಸೂ ಬೇಗ ಹೆಚ್ಚುತ್ತೆ, ಕಚ್ಚುವ ತಿಂಗಳುಗಳೂ ಉದ್ದವಾಗುತ್ತವೆ.

ನಮ್ಮೂರಲ್ಲೂ ಇದೇ ಲೆಕ್ಕ. ಮಳೆ ಕೈಕೊಟ್ಟರೆ, ನಲ್ಲಿ ನೀರು ದಿನಾ ಬರದಿದ್ದರೆ ಅವ್ವ ಡ್ರಮ್ಮು, ತೊಟ್ಟಿ, ಕೊಡ ಎಲ್ಲ ತುಂಬಿಸಿಡುತ್ತಾಳೆ. ಆಶಾ ಕಾರ್ಯಕರ್ತೆ ಬಂದು ಚೆಲ್ಲಿ ಅಂದರೆ ಬೈಗುಳ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಬೇಕಾಯಿತು. ಸೊಳ್ಳೆ ಹುಟ್ಟುವುದು ಮನೆ ಪಕ್ಕದ ತೊಟ್ಟಿಯಲ್ಲಿ ಅನ್ನೋದನ್ನ ರೊನಾಲ್ಡ್ ರಾಸ್ 1883ರಲ್ಲೇ ನಮ್ಮ ಬೆಂಗಳೂರಿನಲ್ಲಿ ಕಂಡಿದ್ದ. ತನ್ನ ಬಂಗಲೆ ಹೊರಗಿನ ತೊಟ್ಟಿ ಮಗುಚಿದ, ಸೊಳ್ಳೆ ಕಮ್ಮಿಯಾದವು.

ಗೆಳೆಯರೇ, ಯುದ್ಧಕಾಲದ ಸೈನಿಕರಿಗೆ ತಮ್ಮ ರಕ್ತದಲ್ಲಿ ಏನಿದೆ ಅಂತ ತಿಳಿದಿರಲಿಲ್ಲ. ನಮಗೆ ತಿಳಿದಿದೆ. ಜ್ವರದ ಮೊದಲ ನಾಲ್ಕೈದು ದಿನ ನಮ್ಮನ್ನು ಕಚ್ಚಿದ ಸೊಳ್ಳೆ ಮುಂದೆ ರೂಮ್‌ಮೇಟನ್ನೂ ಕಚ್ಚಬಹುದು. ಆ ಎರಡು ದಿನ ಸೈಟಿನಲ್ಲಿ ನನ್ನ ಪಕ್ಕ ನಿಂತು ವೈರಿಂಗ್ ಎಳೆದ ಹುಡುಗನನ್ನು ನೆನೆದರೆ ಈಗಲೂ ಹೆದರಿಕೆ. ಅವನಿಗೇನೂ ಆಗಲಿಲ್ಲ, ಅದು ಅದೃಷ್ಟ ಅಷ್ಟೇ. ಊರಿಂದ ಬಂದ ಎರಡು ವಾರದೊಳಗೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಿ, "ಇಂಡಿಯಾದಿಂದ ಬಂದೆ" ಅಂತ ಮೊದಲೇ ಹೇಳಿ. ಕೇಬಲ್ ಗುಂಡಿಯಲ್ಲಿ, ರೂಮಿನ ಹಿಂದಿನ ಬಕೆಟ್ಟಿನಲ್ಲಿ ನೀರು ನಿಂತಿದ್ದರೆ ಚೆಲ್ಲಿಬಿಡಿ. ಒಂದು ದಿನದ ಸಂಬಳ ಹೋದರೂ ಮತ್ತೆ ದುಡಿಯಬಹುದು.