ಕಾರಿನ ಢಿಕ್ಕಿ ಪರೀಕ್ಷೆ: ನಕ್ಷತ್ರಗಳ ಹಿಂದಿರುವ ಲೆಕ್ಕಾಚಾರ

ನಮ್ಮಲ್ಲಿ ಮಧ್ಯಮ ವರ್ಗದ ಕುಟುಂಬವೊಂದು ಕಾರು ಕೊಳ್ಳಲು ಹೊರಟಾಗ ಕೇಳುವ ಮೊದಲ ಪ್ರಶ್ನೆ ‘ಬೆಲೆ ಎಷ್ಟು?’ ಎಂಬುದು. ಎರಡನೆಯದು ‘ಲೀಟರಿಗೆ ಎಷ್ಟು ಕೊಡುತ್ತದೆ?’ ಎಂಬುದು. ‘ಢಿಕ್ಕಿಯಾದರೆ ಒಳಗೆ ಕುಳಿತವರು ಉಳಿಯುತ್ತಾರೆಯೇ?’ ಎಂಬ ಮೂರನೆಯ ಪ್ರಶ್ನೆಯನ್ನು ಬಹುಕಾಲ ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ಉತ್ತರ ಕೊಡುವ ವ್ಯವಸ್ಥೆ ದೇಶದಲ್ಲಿ ಇರಲಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಈ ಪೈಕಿ ಸೀಟ್ ಬೆಲ್ಟ್ ಧರಿಸದೆ ಸತ್ತವರೇ 16,715 ಮಂದಿ. ಅವರಲ್ಲಿ 8,384 ಮಂದಿ ಚಾಲಕರಾದರೆ, 8,331 ಮಂದಿ ಪ್ರಯಾಣಿಕರು. ಈ ಹಿನ್ನೆಲೆಯಲ್ಲಿ ಕಾರುಗಳ ಢಿಕ್ಕಿ ಪರೀಕ್ಷೆ ಎಂದರೇನು, ಅದು ಹೇಗೆ ನಡೆಯುತ್ತದೆ ಮತ್ತು ಅದರ ಫಲಿತಾಂಶವನ್ನು ಸಾಮಾನ್ಯ ಗ್ರಾಹಕ ಹೇಗೆ ಓದಿಕೊಳ್ಳಬೇಕು ಎಂಬುದನ್ನು ತಿಳಿಯುವುದು ಅಗತ್ಯ.

ಏನಿದು ಢಿಕ್ಕಿ ಪರೀಕ್ಷೆ?

ಕಾರನ್ನು ನಿಗದಿತ ವೇಗದಲ್ಲಿ ತಡೆಗೋಡೆಯೊಂದಕ್ಕೆ ಅಪ್ಪಳಿಸಿ, ಒಳಗೆ ಕೂರಿಸಿದ ಮಾನವಾಕೃತಿಯ ಡಮ್ಮಿಗಳ ಮೇಲೆ ಬಿದ್ದ ಪೆಟ್ಟನ್ನು ಅಳೆಯುವುದೇ ಢಿಕ್ಕಿ ಪರೀಕ್ಷೆ. ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಕಾನೂನು ವಿಧಿಸುವ ಪರೀಕ್ಷೆ. ಇದರಲ್ಲಿ ತೇರ್ಗಡೆ ಅಥವಾ ಅನುತ್ತೀರ್ಣ ಎಂಬ ಎರಡೇ ಫಲಿತಾಂಶಗಳಿದ್ದು, ತೇರ್ಗಡೆಯಾಗದ ಕಾರನ್ನು ಮಾರುವಂತಿಲ್ಲ. ಎರಡನೆಯದು ಗ್ರಾಹಕರ ತಿಳಿವಳಿಕೆಗಾಗಿ ನಡೆಸುವ ಪರೀಕ್ಷೆ. ‘ಹೊಸ ಕಾರು ಮೌಲ್ಯಮಾಪನ ಕಾರ್ಯಕ್ರಮ’ ಅಥವಾ ಸಂಕ್ಷಿಪ್ತವಾಗಿ ‘ಎನ್‌ಕ್ಯಾಪ್’ ಎಂದು ಕರೆಯಲಾಗುವ ಇದರ ವೇಗ ಸಾಮಾನ್ಯವಾಗಿ ಕಾನೂನಿನ ಪರೀಕ್ಷೆಗಿಂತ ಹೆಚ್ಚು. ಇದರ ಫಲಿತಾಂಶವೇ ಜಾಹೀರಾತುಗಳಲ್ಲಿ ಕಾಣುವ ನಕ್ಷತ್ರಗಳು.

ನಡೆದು ಬಂದ ದಾರಿ

ಕಾರು ಗಟ್ಟಿಯಾಗಿದ್ದಷ್ಟೂ ಸುರಕ್ಷಿತ ಎಂಬ ನಂಬಿಕೆ ಒಂದು ಕಾಲಕ್ಕೆ ಎಂಜಿನಿಯರುಗಳಲ್ಲೂ ಇತ್ತು. ಇದನ್ನು ಅಲ್ಲಗಳೆದವರಲ್ಲಿ ಮರ್ಸಿಡಿಸ್-ಬೆಂಜ್ ಸಂಸ್ಥೆಯ ಬೇಲಾ ಬರೇನಿ ಪ್ರಮುಖರು. ಪ್ರಯಾಣಿಕರಿರುವ ಕೋಶ ಗಟ್ಟಿಯಾಗಿರಬೇಕು, ಆದರೆ ಮುಂಭಾಗ ಮತ್ತು ಹಿಂಭಾಗ ಕುಸಿಯುವಂತಿರಬೇಕು ಎಂಬುದು 1950ರ ದಶಕದ ಆರಂಭದಲ್ಲಿ ಅವರು ಪೇಟೆಂಟ್ ಪಡೆದ ಸೂತ್ರ. 1959 ಈ ಕ್ಷೇತ್ರದಲ್ಲಿ ಮಹತ್ವದ ವರ್ಷ. ಅದೇ ವರ್ಷ ಮರ್ಸಿಡಿಸ್ ಸಂಸ್ಥೆ ಜರ್ಮನಿಯ ಸಿಂಡೆಲ್‌ಫಿಂಗನ್‌ನಲ್ಲಿ ತನ್ನ ಮೊದಲ ಢಿಕ್ಕಿ ಪರೀಕ್ಷೆ ನಡೆಸಿತು. ಅದೇ ವರ್ಷ ವೋಲ್ವೊ ಸಂಸ್ಥೆಯ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಕಾರುಗಳಲ್ಲಿ ಬಂತು.

ಅಮೆರಿಕದಲ್ಲಿ 1965ರಲ್ಲಿ ರಾಲ್ಫ್ ನೇಡರ್ ಕಾರು ತಯಾರಕರ ಉದಾಸೀನವನ್ನು ಪುಸ್ತಕದ ಮೂಲಕ ಬಯಲಿಗೆಳೆದ ಮರುವರ್ಷವೇ ವಾಹನ ಸುರಕ್ಷತೆಯ ಕಾನೂನು ಜಾರಿಗೆ ಬಂತು. ಗ್ರಾಹಕರಿಗಾಗಿ ಕಾರುಗಳನ್ನು ಅಪ್ಪಳಿಸಿ ಫಲಿತಾಂಶ ಪ್ರಕಟಿಸುವ ಪದ್ಧತಿಯೂ 1979ರಲ್ಲಿ ಅಲ್ಲಿಯೇ ಆರಂಭವಾಯಿತು.

ಯುರೋಪಿನ ‘ಯೂರೋ ಎನ್‌ಕ್ಯಾಪ್’ ತನ್ನ ಮೊದಲ ಫಲಿತಾಂಶಗಳನ್ನು 1997ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಅಂದು ರೋವರ್ 100 ಎಂಬ ಸಣ್ಣ ಕಾರಿಗೆ ದಕ್ಕಿದ್ದು ಒಂದೇ ನಕ್ಷತ್ರ. ಆ ವರ್ಷ ಮುಗಿಯುವುದರೊಳಗೆ ಅದರ ತಯಾರಿಕೆಯೇ ನಿಂತಿತು. ಇಷ್ಟು ಕಠಿಣವಾದ ಪರೀಕ್ಷೆಯಲ್ಲಿ ಯಾವ ಕಾರೂ ನಾಲ್ಕು ನಕ್ಷತ್ರ ಗಳಿಸಲಾರದು ಎಂದು ತಯಾರಕರು ವಾದಿಸಿದ್ದರು. ಅದೇ ವರ್ಷ ಜುಲೈನಲ್ಲಿ ವೋಲ್ವೊ ಎಸ್40 ನಾಲ್ಕು ನಕ್ಷತ್ರ ಗಳಿಸಿ ಆ ವಾದವನ್ನು ಸುಳ್ಳಾಗಿಸಿತು. 2001ರಲ್ಲಿ ರೆನೊ ಲಗೂನಾ ಐದನ್ನೂ ಪಡೆಯಿತು.

ಪರೀಕ್ಷೆ ನಡೆಯುವ ಬಗೆ

ಇಂದು ಭಾರತದಲ್ಲಿ ನಡೆಯುವ ನಕ್ಷತ್ರ ಪರೀಕ್ಷೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮುಂಭಾಗದ ಪರೀಕ್ಷೆಯಲ್ಲಿ ಕಾರು ಗಂಟೆಗೆ 64 ಕಿ.ಮೀ. ವೇಗದಲ್ಲಿ ಸಾಗಿ ತಡೆಗೋಡೆಗೆ ಬಡಿಯುತ್ತದೆ. ಕಾರಿನ ಅಗಲದ ಶೇ 40ರಷ್ಟು ಭಾಗ, ಅದೂ ಚಾಲಕನ ಬದಿ ಮಾತ್ರ ಗೋಡೆಗೆ ತಾಗುತ್ತದೆ. ಗೋಡೆಯ ಮುಖಕ್ಕೆ ಜೇನುಗೂಡಿನಂತೆ ರಂಧ್ರಗಳಿರುವ, ಹಿಸುಕಿದರೆ ಕುಸಿಯುವ ಅಲ್ಯೂಮಿನಿಯಂ ಹಾಸು ಇರುತ್ತದೆ. ಎದುರಿನಿಂದ ಬರುವ ಇನ್ನೊಂದು ಕಾರನ್ನು ಇದು ಪ್ರತಿನಿಧಿಸುತ್ತದೆ. ರಸ್ತೆಯಲ್ಲಿ ಮುಖಾಮುಖಿಯಾಗುವ ವಾಹನಗಳು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯಲು ಯತ್ನಿಸುವುದರಿಂದ ಇಡೀ ಅಗಲ ತಾಗುವುದಕ್ಕಿಂತ ಒಂದು ಬದಿ ತಾಗುವ ಸಂಭವವೇ ಹೆಚ್ಚು. ಆಗ ಅಷ್ಟೂ ಶಕ್ತಿಯನ್ನು ಕಾರಿನ ಅರ್ಧ ಭಾಗವೇ ಹೀರಬೇಕಾಗುತ್ತದೆ.

ಪಕ್ಕದ ಪರೀಕ್ಷೆಯಲ್ಲಿ ಕಾರು ನಿಂತೇ ಇರುತ್ತದೆ. ಚಕ್ರಗಳ ಮೇಲಿರುವ ತಡೆಗೋಡೆಯು ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಂದು ಅದರ ಬಾಗಿಲಿಗೆ ಗುದ್ದುತ್ತದೆ. ಮೂರನೆಯದು ಕಂಬದ ಪರೀಕ್ಷೆ. ಕಾರು ಪಕ್ಕಕ್ಕೆ ಜಾರಿ ಮರಕ್ಕೋ ವಿದ್ಯುತ್ ಕಂಬಕ್ಕೋ ಬಡಿದಂತೆ, ಗಂಟೆಗೆ 29 ಕಿ.ಮೀ. ವೇಗದಲ್ಲಿ ಅದನ್ನು ಉಕ್ಕಿನ ಕಂಬಕ್ಕೆ ತಾಗಿಸಲಾಗುತ್ತದೆ. ವೇಗ ಕಡಿಮೆ ಎನಿಸಿದರೂ ಪೆಟ್ಟು ಒಂದೇ ಜಾಗದಲ್ಲಿ ಬೀಳುವುದರಿಂದ ತಲೆಗೆ ಇದು ಅತ್ಯಂತ ಅಪಾಯಕಾರಿ. ಕಿಟಕಿಯ ಮೇಲಿಂದ ಪರದೆಯಂತೆ ಇಳಿಯುವ ಏರ್‌ಬ್ಯಾಗಿನ ಬೆಲೆ ತಿಳಿಯುವುದು ಇಲ್ಲಿ.

ಮುಂಭಾಗದ ಢಿಕ್ಕಿ ಆರಂಭವಾಗಿ ಮುಗಿಯಲು ಬೇಕಾದ ಕಾಲ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು. ಅಷ್ಟರೊಳಗೆ ಬೆಲ್ಟ್ ಬಿಗಿಯಬೇಕು, ಏರ್‌ಬ್ಯಾಗ್ ಉಬ್ಬಬೇಕು, ದೇಹ ಅದಕ್ಕೆ ಒರಗಬೇಕು. ಬರಿಗಣ್ಣಿಗೆ ಕಾಣದ ಈ ಘಟನಾವಳಿಯನ್ನು ಸೆಕೆಂಡಿಗೆ ಸಾವಿರ ಚಿತ್ರ ತೆಗೆಯುವ ಕ್ಯಾಮೆರಾಗಳು ಸೆರೆಹಿಡಿಯುತ್ತವೆ.

ಮಾತನಾಡುವ ಡಮ್ಮಿಗಳು

ಮುಂಭಾಗದ ಪರೀಕ್ಷೆಯಲ್ಲಿ ಚಾಲಕ ಮತ್ತು ಪಕ್ಕದ ಪ್ರಯಾಣಿಕನ ಆಸನಗಳಲ್ಲಿ ಕೂರುವ ಡಮ್ಮಿಯ ಹೆಸರು ‘ಹೈಬ್ರಿಡ್-3’. ಜನರಲ್ ಮೋಟಾರ್ಸ್ 1970ರ ದಶಕದಲ್ಲಿ ರೂಪಿಸಿದ ಇದು ಸುಮಾರು 78 ಕೆ.ಜಿ. ತೂಕದ, ಸಾಧಾರಣ ಮೈಕಟ್ಟಿನ ಗಂಡಸಿನ ಪ್ರತಿರೂಪ. ಉಕ್ಕಿನ ಪಕ್ಕೆಲುಬು, ರಬ್ಬರಿನ ಕುತ್ತಿಗೆ, ಪ್ಲಾಸ್ಟಿಕ್ಕಿನ ಚರ್ಮವುಳ್ಳ ಇದರ ತಲೆ, ಕುತ್ತಿಗೆ, ಎದೆ, ತೊಡೆ ಹಾಗೂ ಮೊಣಕಾಲಿನ ಕೆಳಗೆ ಸಂವೇದಕಗಳಿರುತ್ತವೆ. ಮುಖಕ್ಕೆ ಮತ್ತು ಮಂಡಿಗಳಿಗೆ ಬಣ್ಣ ಬಳಿಯುವುದೂ ಉಂಟು. ಢಿಕ್ಕಿಯ ನಂತರ ಆ ಬಣ್ಣ ಎಲ್ಲಿ ಅಂಟಿದೆ ಎಂಬುದನ್ನು ನೋಡಿ ದೇಹದ ಯಾವ ಭಾಗ ಎಲ್ಲಿಗೆ ಬಡಿಯಿತೆಂದು ಹೇಳಬಹುದು. ಹಿಂದಿನ ಆಸನದಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಡಮ್ಮಿಗಳನ್ನು ಮಕ್ಕಳ ಸೀಟಿನಲ್ಲಿ ಕೂರಿಸಲಾಗುತ್ತದೆ.

ಎದೆ ಎಷ್ಟು ಮಿಲಿಮೀಟರ್ ಕುಗ್ಗಿತು, ತಲೆಗೆ ಎಷ್ಟು ಕಾಲ ಎಷ್ಟು ಪೆಟ್ಟು ಬಿತ್ತು ಎಂಬ ಅಂಕಿಗಳನ್ನು ಗಾಯದ ಸಂಭವಕ್ಕೆ ಹೋಲಿಸಿ ಅಂಕ ಕೊಡಲಾಗುತ್ತದೆ. ಯೂರೋ ಎನ್‌ಕ್ಯಾಪ್ ಮೊದಲಿಗೆ ಅನುಸರಿಸಿದ ನಿಯಮದಂತೆ ಎದೆ 22 ಮಿ.ಮೀ. ಒಳಗೆ ಕುಗ್ಗಿದರೆ ಪೂರ್ಣಾಂಕ, 50 ಮಿ.ಮೀ. ಮುಟ್ಟಿದರೆ ಸೊನ್ನೆ.

ಬಾನೆಟ್ ನಜ್ಜುಗುಜ್ಜಾಗುವುದೇ ಒಳ್ಳೆಯದು

ಗಂಟೆಗೆ 64 ಕಿ.ಮೀ. ಎಂದರೆ ನಮ್ಮ ಹೆದ್ದಾರಿಗಳಲ್ಲಿ ನಿಧಾನವೆಂದೇ ಎಣಿಕೆ. ಆದರೆ ಆ ವೇಗದಲ್ಲಿರುವ ಕಾರಿನ ಚಲನಶಕ್ತಿಯು ಅದೇ ಕಾರು ಸುಮಾರು 16 ಮೀಟರ್ ಎತ್ತರದಿಂದ, ಅಂದರೆ ಐದು ಅಂತಸ್ತಿನ ಕಟ್ಟಡದ ಮೇಲಿಂದ ಬಿದ್ದಾಗ ನೆಲ ಮುಟ್ಟುವ ಹೊತ್ತಿನ ಶಕ್ತಿಗೆ ಸಮ. ಈ ಶಕ್ತಿ ಎಲ್ಲಾದರೂ ವ್ಯಯವಾಗಲೇಬೇಕು. ಮುಂಭಾಗದ ಉಕ್ಕು ಮಡಿಚಿಕೊಂಡು ಅದನ್ನು ಹೀರಿದರೆ ಒಳಗಿನವರು ಉಳಿಯುತ್ತಾರೆ. ಹೀರದಿದ್ದರೆ ಅದು ನೇರವಾಗಿ ದೇಹಗಳನ್ನು ತಲುಪುತ್ತದೆ. ಆದ್ದರಿಂದ ‘ಸಣ್ಣ ಢಿಕ್ಕಿಗೇ ಮುಂಭಾಗ ಹೇಗೆ ಮುದುಡಿದೆ ನೋಡಿ’ ಎಂದು ಹಳಿಯುವುದು ಸರಿಯಲ್ಲ. ನೋಡಬೇಕಾದದ್ದು ಬಾಗಿಲಿನ ಚೌಕಟ್ಟು ಹಾಗೆಯೇ ಇದೆಯೇ, ಸ್ಟೀರಿಂಗ್ ಒಳನುಗ್ಗಿದೆಯೇ, ಪೆಡಲುಗಳ ಜಾಗ ಹರಿದಿದೆಯೇ ಎಂಬುದನ್ನು. ವರದಿಗಳಲ್ಲಿ ಕಾಣುವ ‘ದೇಹರಚನೆ ಸ್ಥಿರ’ ಅಥವಾ ‘ಅಸ್ಥಿರ’ ಎಂಬ ಒಂದು ಪದ ಸೂಚಿಸುವುದು ಇದನ್ನೇ.

2014ರ ಆಘಾತ

ಭಾರತದ ಕಾರುಗಳ ನಿಜಸ್ಥಿತಿ ಬಯಲಾದದ್ದು 2014ರ ಜನವರಿಯಲ್ಲಿ. ಬ್ರಿಟನ್ ಮೂಲದ ‘ಗ್ಲೋಬಲ್ ಎನ್‌ಕ್ಯಾಪ್’ ಸಂಸ್ಥೆ ಮಾರುತಿ ಸುಜುಕಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ ಹಾಗೂ ಫೋಕ್ಸ್‌ವ್ಯಾಗನ್ ಪೋಲೊ ಕಾರುಗಳ ಅತಿ ಕಡಿಮೆ ಬೆಲೆಯ, ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಪರೀಕ್ಷಿಸಿತು. ವಯಸ್ಕರ ರಕ್ಷಣೆಯಲ್ಲಿ ಐದಕ್ಕೆ ಐದೂ ಕಾರುಗಳಿಗೆ ಸಿಕ್ಕಿದ್ದು ಸೊನ್ನೆ.

ಸೊನ್ನೆ ಒಂದೇ ಆದರೂ ಕಾರಣ ಒಂದೇ ಆಗಿರಲಿಲ್ಲ ಎಂಬುದು ಗಮನಾರ್ಹ. ಮೊದಲ ಮೂರು ಕಾರುಗಳ ದೇಹರಚನೆಯೇ ಕುಸಿದಿತ್ತು. ಏರ್‌ಬ್ಯಾಗ್ ಅಳವಡಿಸಿದರೂ ಹೆಚ್ಚು ಪ್ರಯೋಜನವಾಗದು ಎಂದು ಸಂಸ್ಥೆ ಹೇಳಿತು. ಫಿಗೊ ಮತ್ತು ಪೋಲೊಗಳ ರಚನೆ ಸ್ಥಿರವಾಗಿತ್ತು, ಕೊರತೆಯಿದ್ದದ್ದು ಏರ್‌ಬ್ಯಾಗಿನದು. ಎರಡು ಏರ್‌ಬ್ಯಾಗುಗಳಿದ್ದ ಪೋಲೊ ಅದೇ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಗಳಿಸಿತು. ಕಂಪನಿಯು ಏರ್‌ಬ್ಯಾಗ್ ಇಲ್ಲದ ಮಾದರಿಯನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಅದೇ ವರ್ಷ ನವೆಂಬರಿನಲ್ಲಿ ಡಾಟ್ಸನ್ ಗೊ ಹಾಗೂ ಮಾರುತಿ ಸ್ವಿಫ್ಟ್ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳಿಗೂ ಸೊನ್ನೆಯೇ ಬಂತು.

ಗಾಳಿ ಬದಲಾದದ್ದು 2018ರ ಡಿಸೆಂಬರಿನಲ್ಲಿ. ಟಾಟಾ ನೆಕ್ಸಾನ್ ಈ ಸಂಸ್ಥೆಯಿಂದ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರೆನಿಸಿತು. 2020ರಲ್ಲಿ ಟಾಟಾ ಆಲ್ಟ್ರೋಜ್ ಹಾಗೂ ಮಹೀಂದ್ರ ಎಕ್ಸ್‌ಯುವಿ300 ಅದೇ ಸಾಲಿಗೆ ಸೇರಿದವು. 2024ರ ನವೆಂಬರಿನಲ್ಲಿ ಹೊಸ ಡಿಜೈರ್ ಮಾರುತಿಯ ಮೊದಲ ಐದು ನಕ್ಷತ್ರದ ಕಾರಾಯಿತು. ‘ಭಾರತದ ಗ್ರಾಹಕ ಸುರಕ್ಷತೆಗೆ ಹಣ ಕೊಡುವುದಿಲ್ಲ’ ಎಂಬ ಹಳೆಯ ಮಾತು ಹತ್ತು ವರ್ಷಗಳಲ್ಲಿ ಹುಸಿಯಾಯಿತು.

ಕಾನೂನು ಮತ್ತು ಭಾರತ್ ಎನ್‌ಕ್ಯಾಪ್

ಸರ್ಕಾರವೂ ಸುಮ್ಮನಿರಲಿಲ್ಲ. ಗಂಟೆಗೆ 56 ಕಿ.ಮೀ. ವೇಗದ ಮುಂಭಾಗದ ಢಿಕ್ಕಿ ಹಾಗೂ ಪಕ್ಕದ ಢಿಕ್ಕಿ ಪರೀಕ್ಷೆಗಳನ್ನು 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೂ 2019ರ ಅಕ್ಟೋಬರಿನಿಂದ ಮಾರಾಟದಲ್ಲಿದ್ದ ಎಲ್ಲ ಮಾದರಿಗಳಿಗೂ ಕಡ್ಡಾಯಗೊಳಿಸಲಾಯಿತು. ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ ಮತ್ತು ವೇಗದ ಎಚ್ಚರಿಕೆ 2019ರ ಜುಲೈನಿಂದ ಕಡ್ಡಾಯವಾದವು. ಮುಂದಿನ ಪ್ರಯಾಣಿಕನ ಏರ್‌ಬ್ಯಾಗ್ 2021ರಲ್ಲಿ ಈ ಪಟ್ಟಿಗೆ ಸೇರಿತು.

56 ಮತ್ತು 64ರ ನಡುವಣ ಅಂತರ ಎಂಟೇ ಕಿ.ಮೀ. ಎನಿಸಬಹುದು. ಆದರೆ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಹೀರಬೇಕಾದ ಶಕ್ತಿ ಸುಮಾರು ಶೇ 30ರಷ್ಟು ಹೆಚ್ಚುತ್ತದೆ.

ನಮ್ಮದೇ ಆದ ‘ಭಾರತ್ ಎನ್‌ಕ್ಯಾಪ್’ 2023ರ ಆಗಸ್ಟ್ 22ರಂದು ಘೋಷಣೆಯಾಗಿ ಅಕ್ಟೋಬರ್ 1ರಿಂದ ಜಾರಿಗೆ ಬಂತು. 3.5 ಟನ್ ಒಳಗಿನ ಪ್ರಯಾಣಿಕ ಕಾರುಗಳಿಗೆ ಅನ್ವಯಿಸುವ ಇದು ಕಡ್ಡಾಯವಲ್ಲ. ಮೊದಲ ಫಲಿತಾಂಶ ಆ ಡಿಸೆಂಬರಿನಲ್ಲಿ ಹೊರಬಿದ್ದು, ಟಾಟಾ ಹ್ಯಾರಿಯರ್ ಮತ್ತು ಸಫಾರಿ ಕಾರುಗಳಿಗೆ ಐದು ನಕ್ಷತ್ರಗಳು ಲಭಿಸಿದವು.

ಅಂಕಗಳ ಲೆಕ್ಕ ಹೀಗಿದೆ: ವಯಸ್ಕರ ರಕ್ಷಣೆಗೆ ಒಟ್ಟು 32 ಅಂಕ, ಮುಂಭಾಗದ ಪರೀಕ್ಷೆಗೆ 16, ಪಕ್ಕದ ಪರೀಕ್ಷೆಗೆ 16. ಮಕ್ಕಳ ರಕ್ಷಣೆಗೆ 49 ಅಂಕ. ಢಿಕ್ಕಿ ಪರೀಕ್ಷೆಗೆ 24, ಮಕ್ಕಳ ಸೀಟುಗಳ ಅಳವಡಿಕೆಗೆ 12, ಕಾರಿನಲ್ಲಿರುವ ಸೌಲಭ್ಯಗಳಿಗೆ 13. ಐದು ನಕ್ಷತ್ರ ಬೇಕಾದರೆ ವಯಸ್ಕರ ವಿಭಾಗದಲ್ಲಿ ಕನಿಷ್ಠ 27, ಮಕ್ಕಳ ವಿಭಾಗದಲ್ಲಿ ಕನಿಷ್ಠ 41 ಅಂಕ ಗಳಿಸಬೇಕು. ಮೇಲೆ ಹೇಳಿದ ಹ್ಯಾರಿಯರ್ ಗಳಿಸಿದ್ದು ಕ್ರಮವಾಗಿ 30.08 ಹಾಗೂ 44.54. ಚಾಲಕ ಮತ್ತು ಪ್ರಯಾಣಿಕನ ಡಮ್ಮಿಗಳಲ್ಲಿ ಯಾವುದರ ಅಂಕ ಕಡಿಮೆಯೋ ಅದನ್ನೇ ಪರಿಗಣಿಸಲಾಗುತ್ತದೆ.

ಮಡಿಲಲ್ಲಿರುವ ಮಗು

ಈ ಪರೀಕ್ಷೆಗಳಲ್ಲಿ ಎಲ್ಲ ಡಮ್ಮಿಗಳೂ ಬೆಲ್ಟ್ ಧರಿಸಿರುತ್ತವೆ, ಮಕ್ಕಳು ಮಕ್ಕಳ ಸೀಟಿನಲ್ಲಿರುತ್ತಾರೆ ಎಂಬುದನ್ನು ಮರೆಯಬಾರದು. ನಮ್ಮ ಕಾರುಗಳಲ್ಲಿ ಮಗು ಕೂರುವುದು ತಾಯಿಯ ಅಥವಾ ಅಜ್ಜಿಯ ಮಡಿಲಲ್ಲಿ. 64 ಕಿ.ಮೀ. ವೇಗದಿಂದ 60 ಸೆಂ.ಮೀ. ದೂರದೊಳಗೆ ನಿಂತುಬಿಡುವ ಕಾರಿನಲ್ಲಿ 10 ಕೆ.ಜಿ. ತೂಕದ ಮಗುವನ್ನು ತಡೆದು ಹಿಡಿಯಲು ಸುಮಾರು 270 ಕೆ.ಜಿ. ಭಾರವನ್ನು ಎತ್ತಿ ಹಿಡಿಯುವಷ್ಟು ಬಲ ಬೇಕು. ಎಷ್ಟೇ ಪ್ರೀತಿಯಿಂದ ಅಪ್ಪಿದ ತೋಳುಗಳಿಗೂ ಅದು ಅಸಾಧ್ಯ. ಕಾರಿಗೆ ಐದು ನಕ್ಷತ್ರಗಳಿದ್ದರೂ ಆ ಮಗುವಿಗೆ ಒಂದೂ ಇಲ್ಲ.

ಹಿಂದೆ ಕೂತವರಿಗೆ ಬೆಲ್ಟ್ ಬೇಡ ಎಂಬ ಭಾವನೆಯೂ ಅಷ್ಟೇ ಅಪಾಯಕರ. ಬೆಲ್ಟ್ ಇಲ್ಲದ ಹಿಂಬದಿ ಪ್ರಯಾಣಿಕ ಮುಂದಿನ ಆಸನದ ಮೇಲೆ ಎಸೆಯಲ್ಪಟ್ಟು, ಬೆಲ್ಟ್ ಧರಿಸಿದವರನ್ನೂ ಗಾಯಗೊಳಿಸಬಲ್ಲ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ಮೃತಪಟ್ಟಾಗ, ಹಿಂದಿನ ಆಸನದಲ್ಲಿದ್ದವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಬೆಲ್ಟ್ ಧರಿಸದಿದ್ದರೆ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದಿದ್ದರೆ 1,000 ರೂಪಾಯಿ ದಂಡ ವಿಧಿಸಲು 2019ರ ತಿದ್ದುಪಡಿ ಕಾಯ್ದೆಯಲ್ಲಿ ಅವಕಾಶವಿದೆ.

ನಕ್ಷತ್ರಗಳ ಮಿತಿ

ನಕ್ಷತ್ರಗಳೇ ಸರ್ವಸ್ವವಲ್ಲ. ಮುಂಭಾಗದ ಪರೀಕ್ಷೆಯು ತನ್ನಷ್ಟೇ ತೂಕದ ಕಾರಿಗೆ ಢಿಕ್ಕಿ ಹೊಡೆದ ಸ್ಥಿತಿಯನ್ನು ಹೋಲುತ್ತದೆ. ಐದು ನಕ್ಷತ್ರದ ಸಣ್ಣ ಕಾರು ಲಾರಿಯ ಎದುರು ಅಷ್ಟೇ ಸುರಕ್ಷಿತವೆಂದು ಅರ್ಥವಲ್ಲ. 64ರಲ್ಲಿ ರಕ್ಷಿಸಿದ ಕಾರು 100ರಲ್ಲೂ ರಕ್ಷಿಸುತ್ತದೆಂಬ ಭರವಸೆಯೂ ಇಲ್ಲ. ಆ ವೇಗದಲ್ಲಿ ಶಕ್ತಿ ಸುಮಾರು ಎರಡೂವರೆ ಪಟ್ಟಾಗಿರುತ್ತದೆ. ಪರೀಕ್ಷಾ ನಿಯಮಗಳು ಕಾಲಕಾಲಕ್ಕೆ ಬಿಗಿಯಾಗುವುದರಿಂದ ಹಳೆಯ ನಕ್ಷತ್ರವನ್ನು ಹೊಸದರೊಡನೆ ತೂಗುವುದೂ ಸರಿಯಲ್ಲ.

ಗ್ರಾಹಕರು ಗಮನಿಸಬೇಕಾದ ಅಂಶಗಳು

* ನಕ್ಷತ್ರದ ಜತೆಗೆ ಪರೀಕ್ಷೆ ನಡೆದ ವರ್ಷ, ಪರೀಕ್ಷಿಸಿದ ಮಾದರಿ ಮತ್ತು ಅದರಲ್ಲಿದ್ದ ಏರ್‌ಬ್ಯಾಗುಗಳ ಸಂಖ್ಯೆಯನ್ನು ನೋಡಬೇಕು.

* ವಯಸ್ಕರ ಮತ್ತು ಮಕ್ಕಳ ಅಂಕಗಳನ್ನು ಬೇರೆಬೇರೆಯಾಗಿ ಓದಬೇಕು. ‘ದೇಹರಚನೆ ಸ್ಥಿರ’ ಎಂಬ ಮಾತು ವರದಿಯಲ್ಲಿದೆಯೇ ಎಂದು ಪರಿಶೀಲಿಸಬೇಕು.

* ಬಂಪರ್ ಮುಂದೆ ಉಕ್ಕಿನ ಕ್ರ್ಯಾಶ್ ಗಾರ್ಡ್ ಹಾಕಿಸಬಾರದು. ಅದು ಮುಂಭಾಗ ಕುಸಿಯುವ ಕ್ರಮವನ್ನೂ ಏರ್‌ಬ್ಯಾಗಿನ ಸಂವೇದಕವನ್ನೂ ಕೆಡಿಸಬಲ್ಲದು. ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರವು 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ.

* ಆಸನದ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದನ್ನು ಮುಚ್ಚುವ ಸೀಟ್ ಕವರ್ ಬೇಡ.

* ಬೆಲ್ಟ್ ಎಚ್ಚರಿಕೆಯ ಸದ್ದು ನಿಲ್ಲಿಸಲು ಸಿಕ್ಕಿಸುವ ಖಾಲಿ ಕ್ಲಿಪ್ ಬಳಸಬಾರದು. ಇವುಗಳ ಆನ್‌ಲೈನ್ ಮಾರಾಟ ನಿಲ್ಲಿಸುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಆದೇಶಿಸಿತ್ತು. ಏರ್‌ಬ್ಯಾಗ್ ಬೆಲ್ಟಿಗೆ ಪೂರಕವೇ ಹೊರತು ಪರ್ಯಾಯವಲ್ಲ.

* ಹಿಮ್ಮುಖವಾಗಿ ಕೂರಿಸುವ ಮಕ್ಕಳ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನದಲ್ಲಿ ಎಂದಿಗೂ ಇಡಬಾರದು.

ಪ್ರಯೋಗಾಲಯದಲ್ಲಿ ನಜ್ಜುಗುಜ್ಜಾಗುವ ಪ್ರತಿಯೊಂದು ಕಾರೂ ರಸ್ತೆಯಲ್ಲಿ ಉಳಿಯಬಹುದಾದ ಜೀವಗಳ ಲೆಕ್ಕ ಹೇಳುತ್ತದೆ. ಕಾರನ್ನು ಗಟ್ಟಿ ಮಾಡುವುದು ತಯಾರಕರ ಹೊಣೆ, ಅದನ್ನು ಪರೀಕ್ಷಿಸಿ ತಿಳಿಸುವುದು ಸರ್ಕಾರದ ಹೊಣೆ. ಹೊರಡುವ ಮುನ್ನ ಹಿಂತಿರುಗಿ ನೋಡಿ, ಹಿಂದಿನ ಆಸನದಲ್ಲಿರುವ ಎಲ್ಲರೂ ಬೆಲ್ಟ್ ಹಾಕಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳುವುದು ಮಾತ್ರ ಸ್ಟೀರಿಂಗ್ ಹಿಡಿದವರದೇ ಹೊಣೆ.