ತಾಮ್ರದ ಹಾಳೆಯ ಓರೆಕೋರೆ

ತಾಮ್ರದ ಆಕ್ಸೈಡುಗಳ ಅತಿವಾಹಕತೆ 1986ರಲ್ಲಿ ಬೆಳಕಿಗೆ ಬಂತು. ಸ್ವಿಟ್ಜರ್ಲೆಂಡಿನ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನಾರ್ಜ್ ಮತ್ತು ಮ್ಯುಲ್ಲರ್ ಲ್ಯಾಂಥನಂ, ಬೇರಿಯಂ, ತಾಮ್ರ ಸೇರಿದ ಆಕ್ಸೈಡು 30 ಕೆಲ್ವಿನ್ ಆಸುಪಾಸಿನಲ್ಲೇ ರೋಧವಿಲ್ಲದೆ ವಿದ್ಯುತ್ ಹರಿಸುವ ಸೂಚನೆ ಕಂಡರು. ಹ್ಯೂಸ್ಟನ್ನಿನ ಪಾಲ್ ಚು ಅದೇ ವಸ್ತುವನ್ನು ಒತ್ತಡಕ್ಕೆ ಒಡ್ಡಿದಾಗ ಆ ಉಷ್ಣತೆ ಮೇಲೇರಿತು. ಹೊರಗಿನಿಂದ ಅದುಮುವ ಬದಲು ಹರಳಿನೊಳಗೇ ಚಿಕ್ಕ ಪರಮಾಣುವನ್ನು ಕೂರಿಸಿದರೆ ಹೇಗೆ ಎಂಬ ತರ್ಕದಿಂದ ಲ್ಯಾಂಥನಂ ಜಾಗಕ್ಕೆ ಯಿಟ್ರಿಯಂ ಬಂತು. 1987ರ ಜನವರಿಯಲ್ಲಿ ಅಲಬಾಮಾದ ಮಾವ್-ಕುನ್ ವು ಮತ್ತು ಚು ತಂಡಗಳಿಗೆ 93 ಕೆಲ್ವಿನ್ ಸಿಕ್ಕಿತು. ದ್ರವ ಸಾರಜನಕ ಕುದಿಯುವ 77 ಕೆಲ್ವಿನ್ ಹಿಂದೆ ಬಿತ್ತು. ಆದರೆ ಅಲ್ಲಿ ಹಳೆಯ ಹರಳು ಕುಗ್ಗಿರಲಿಲ್ಲ, ಬೇರೆಯದೇ ಹರಳು ಹುಟ್ಟಿತ್ತು. ಆ ತಂಡಗಳು ತಯಾರಿಸಿದ ಬಿಲ್ಲೆಯಲ್ಲಿ ಹಸಿರು, ಕಪ್ಪು ವಸ್ತುಗಳೆರಡೂ ಬೆರೆತಿದ್ದವು. ಹಸಿರು ನಿರೋಧಕ, ಕೆಲಸವೆಲ್ಲ ಕಪ್ಪಿನದು. ಆ ಕಪ್ಪು ವಸ್ತುವಿನಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರಗಳ ಪ್ರಮಾಣ 1-2-3 ಎಂದು ಆ ವರ್ಷವೇ ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ ತಂಡವೂ ಇತ್ತು.

ಹಾಗಾದರೆ ಯಿಟ್ರಿಯಂನಂತಹ ವಿರಳ ಭಸ್ಮ ಧಾತುವಿನ ಪಾತ್ರವೇನು? ಯಿಟ್ರಿಯಂ ತೆಗೆದು ಗ್ಯಾಡೊಲಿನಿಯಂ ಹಾಕಿದರೂ ಅತಿವಾಹಕತೆ 90 ಕೆಲ್ವಿನ್ ಸುತ್ತಲೇ ಉಳಿಯಿತು. ಇದು ಸಣ್ಣ ಅಚ್ಚರಿಯಲ್ಲ. ಶುದ್ಧ ಲ್ಯಾಂಥನಂ ಲೋಹಕ್ಕೆ ಶೇಕಡಾ 1ರಷ್ಟು ಗ್ಯಾಡೊಲಿನಿಯಂ ಬೆರೆಸಿದರೆ ಅದರ ಕಾಂತತೆಯೇ ಅತಿವಾಹಕತೆಯನ್ನು ಬಹುಪಾಲು ನುಂಗಿಬಿಡುತ್ತದೆ. ಇಲ್ಲಿ ಹಾಗಾಗದಿರುವುದಕ್ಕೆ ಕಾರಣ ಹರಳಿನ ಕಟ್ಟಡ. ವಿದ್ಯುತ್ತು ಹರಿಯುವುದು ತಾಮ್ರ-ಆಮ್ಲಜನಕದ ಹಾಳೆಗಳಲ್ಲಿ. ವಿರಳ ಭಸ್ಮ ಧಾತು ಎರಡು ಹಾಳೆಗಳ ನಡುವೆ ಕೂತಿದ್ದರೂ ಆ ಹರಿವಿನಲ್ಲಿ ಕೈಯಾಡಿಸುವುದಿಲ್ಲ. ಪ್ರಸಿಯೋಡೈಮಿಯಂ ಇದಕ್ಕೆ ಅಪವಾದ: ಅದು ಕೂತ 1-2-3 ಹರಳು ಸಾಮಾನ್ಯವಾಗಿ ಅತಿವಾಹಕವಾಗದು. ಆಮ್ಲಜನಕದ ಮಾತು ಬೇರೆ. ಬಿಲ್ಲೆಯನ್ನು ಆಮ್ಲಜನಕದಲ್ಲಿ ನಿಧಾನವಾಗಿ ತಣಿಸಿದರೆ 1-2-3 ಸೂತ್ರದ ಏಳನೆಯ ಆಮ್ಲಜನಕ ಪರಮಾಣು ತಾಮ್ರದೊಂದಿಗೆ ಸರಪಳಿಯಾಗಿ ಸೇರಿ ಹಾಳೆಗಳಿಂದ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುತ್ತದೆ. ಆ ಏಳನೆಯದು ಹೊರಬಿದ್ದರೆ ಅದೇ ಕಪ್ಪು ವಸ್ತು ನಿರೋಧಕ.

ಇದನ್ನೇ ಹಿಡಿದು ಒಂದು ಆಕ್ಷೇಪ ಎತ್ತಬಹುದು: ಮುಖ್ಯವಾದದ್ದು ಎಲೆಕ್ಟ್ರಾನುಗಳ ಲೆಕ್ಕ, ರಚನೆ ಆ ಲೆಕ್ಕ ಹೊಂದಿಸುವ ಸಾಧನ ಮಾತ್ರ. ಅರ್ಧ ಒಪ್ಪತಕ್ಕ ಮಾತೇ. ಸರಪಳಿಗಳೇ ಇಲ್ಲದ ಪಾದರಸದ ತಾಮ್ರ ಆಕ್ಸೈಡುಗಳು ಇನ್ನೂ ಹೆಚ್ಚಿನ ಉಷ್ಣತೆಯಲ್ಲಿ ಅತಿವಾಹಕಗಳಾಗಿವೆ. ಆದ್ದರಿಂದ ಸರಪಳಿ ಅನಿವಾರ್ಯವಲ್ಲ. ಆದರೆ ಲೆಕ್ಕ ಬದಲಾಗದೆ ರಚನೆ ಮಾತ್ರ ಬದಲಾದ ಉದಾಹರಣೆಯೂ ಉಂಟು. ಸ್ಟ್ರಾನ್ಷಿಯಂ ಬೆರೆತ ಲ್ಯಾಂಥನಂ-ತಾಮ್ರ ಆಕ್ಸೈಡಿನಲ್ಲಿ ಲ್ಯಾಂಥನಂ ಬದಲು ಒಂದಿಷ್ಟು ನಿಯೋಡೈಮಿಯಂ ಸೇರಿಸಿದಾಗ, ಆ ಎರಡು ಧಾತುಗಳ ವಿದ್ಯುದಂಶವೂ ಒಂದೇ ಆದ್ದರಿಂದ ಎಲೆಕ್ಟ್ರಾನುಗಳ ಲೆಕ್ಕ ಕದಲುವುದಿಲ್ಲ. ನಿಯೋಡೈಮಿಯಂ ಗಾತ್ರದಲ್ಲಿ ಚಿಕ್ಕದು, ಅಷ್ಟೇ. ಅದರಿಂದ ತಾಮ್ರದ ಸುತ್ತಲಿನ ಆಮ್ಲಜನಕದ ಅಷ್ಟಮುಖಿಗಳು ವಾಲುವ ದಿಕ್ಕು ಬದಲಾಗುತ್ತದೆ, ಒಂದು ನಿರ್ದಿಷ್ಟ ಮಿಶ್ರಣದಲ್ಲಿ ಅತಿವಾಹಕತೆ ಕೆಲವೇ ಕೆಲ್ವಿನ್ನಿಗೆ ಕುಸಿಯುತ್ತದೆ. ಅಲ್ಲಿ ವಿದ್ಯುದಂಶಗಳು ಹರಿಯದೆ ಪಟ್ಟೆಪಟ್ಟೆಯಾಗಿ ನಿಂತುಬಿಡುತ್ತವೆ ಎಂಬುದಕ್ಕೆ 1995ರಲ್ಲಿ ಟ್ರಾಂಕ್ವಾಡಾ ತಂಡ ನ್ಯೂಟ್ರಾನ್ ಪ್ರಯೋಗದ ಸಾಕ್ಷ್ಯ ಕೊಟ್ಟಿತು. ಎಲೆಕ್ಟ್ರಾನುಗಳು ಜೋಡಿಯಾಗುವುದು ಏಕೆಂಬುದರ ಬಗ್ಗೆ ಸಿದ್ಧಾಂತಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಆ ಜೋಡಿಗಳಿಗೆ ಹರಿಯಲು ದಾರಿಯುಂಟೋ ಇಲ್ಲವೋ ಎಂಬುದನ್ನು ಮಾತ್ರ ಹಾಳೆಯ ಓರೆಯೂ ನಿರ್ಧರಿಸುತ್ತದೆ.